ರಾಗಿ ಹೊಲದಡಿಯ ಓಡುದಾರಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಅಂಚೆಯಲ್ಲಿ ಬಂದ ನಾಲ್ಕು ಪತ್ರಗಳು ಒಂದೇ ವಿಷಯವನ್ನು ಕುರಿತಿವೆ: ಹಳ್ಳಿಗಾಡಿನಲ್ಲಿ ಒಂದು ಕಾಲಕ್ಕೆ ಇದ್ದು ಈಗ ಮುಚ್ಚಿಹೋಗಿರುವ ಸಣ್ಣ ಖಾಸಗಿ ವಿಮಾನ ಬಯಲುಗಳು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಈ ಸಲದ ಜಾಗವನ್ನೆಲ್ಲ ಇವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಊರಿನ ಪಶ್ಚಿಮಕ್ಕೆ, ಕೆರೆಯ ಹಿಂದೆ, ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಒಂದೇ ಮಟ್ಟದಲ್ಲಿರುವ ಕೆಂಪು ನೆಲವೊಂದಿದೆ. ಹಿರಿಯರು ಅದನ್ನು ‘ಏರೋಪ್ಲೇನ್ ಬಯಲು’ ಎನ್ನುತ್ತಾರೆ. ಬ್ರಿಟಿಷರು ಯುದ್ಧಕ್ಕೆ ಮಾಡಿಸಿದ್ದೆಂದು ಕೆಲವರು, ಯಾವುದೋ ಕಂಪನಿಯ ಯಜಮಾನರು ಸ್ವಂತ ವಿಮಾನದಲ್ಲಿ ಬಂದಿಳಿಯುತ್ತಿದ್ದರೆಂದು ಇನ್ನು ಕೆಲವರು ಹೇಳುತ್ತಾರೆ. ಈಗ ಅರ್ಧ ರಾಗಿ, ಅರ್ಧ ಮಾವಿನ ತೋಪು. ನಿಜ ಯಾವುದೆಂದು ತಿಳಿಯುವುದು ಹೇಗೆ? (ಓದುಗರು, ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ನೀವು ಬರೆದಿರುವ ಅಳತೆಯಲ್ಲೇ ಅರ್ಧ ಉತ್ತರವಿದೆ. ಕೋಲಾರದಲ್ಲಿ ಯುದ್ಧಕಾಲದ ವಿಮಾನ ನೆಲೆ ಇದ್ದದ್ದು ನಿಜ. ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ದಕ್ಷಿಣ ಭಾರತದ ಒಳನಾಡಿನಲ್ಲಿ ಎದ್ದ ನೆಲೆಗಳಲ್ಲಿ ಯಲಹಂಕದಂತೆ ಕೋಲಾರವೂ ಒಂದು. ಬ್ರಿಟಿಷ್ ವಾಯುಪಡೆಯ 1673ನೇ ತರಬೇತಿ ಘಟಕವು ಇಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರ್‌ಗಳ ಮೇಲೆ ಚಾಲಕರನ್ನು ಪಳಗಿಸುತ್ತಿತ್ತು. ಅದೇ ಘಟಕದಿಂದ 1944ರ ನವೆಂಬರ್ 8ರಂದು ಕೋಲಾರದಲ್ಲೇ 358ನೇ ಸ್ಕ್ವಾಡ್ರನ್ ಹುಟ್ಟಿತು. ಅದು ಬಂಗಾಳಕ್ಕೆ ಹೋಗಿ, 1945ರ ಜನವರಿಯಲ್ಲಿ ಮಾಂಡಲೆಯ ಮೇಲೆ ಒಂದೇ ಒಂದು ಬಾಂಬ್ ದಾಳಿ ನಡೆಸಿ, ಆಮೇಲೆ ಶತ್ರುವಿನ ಹಿಡಿತದಲ್ಲಿದ್ದ ನಾಡುಗಳಲ್ಲಿ ಗುಪ್ತಚರರನ್ನೂ ಸಾಮಗ್ರಿಯನ್ನೂ ಇಳಿಸುವ ಕೆಲಸಕ್ಕೆ ತಿರುಗಿ, ಆ ವರ್ಷದ ನವೆಂಬರಿನಲ್ಲಿ ವಿಸರ್ಜನೆಯಾಯಿತು.

ಆದರೆ ಲಿಬರೇಟರ್‌ನ ರೆಕ್ಕೆಗಳ ಹರವು 110 ಅಡಿ, ತುಂಬಿದಾಗಿನ ತೂಕ 27 ಟನ್ನಿನಷ್ಟು. ಅಂಥ ವಿಮಾನಗಳಿಗೆ ಬ್ರಿಟಿಷ್ ವಾಯುಪಡೆ ಇರಿಸಿಕೊಂಡಿದ್ದ ಮಾನದಂಡ 2,000 ಗಜಗಳ ಮುಖ್ಯ ಓಡುದಾರಿ (ರನ್‌ವೇ). ಎಂದರೆ ನಿಮ್ಮ ಬಯಲಿನ ಎರಡೂವರೆ ಪಟ್ಟು. ಜೊತೆಗೆ ಅಡ್ಡಗಾಳಿಗೆಂದು ಬೇರೆ ದಿಕ್ಕಿನ ಓಡುದಾರಿಗಳು, ವಿಮಾನಗಳನ್ನು ಚದುರಿಸಿ ನಿಲ್ಲಿಸಲು ದುಂಡನೆಯ ಹಾಸುಗಳು, ಅವನ್ನೆಲ್ಲ ಕೂಡಿಸುವ ಸುತ್ತುದಾರಿ ಇರುತ್ತಿದ್ದವು. ಇವು ಎಂಬತ್ತು ವರ್ಷ ಕಳೆದರೂ ನೆಲದಿಂದ ಪೂರ್ತಿ ಅಳಿಯುವುದಿಲ್ಲ. ಒಂಟಿ ಪಟ್ಟಿಯಂಥ ನಿಮ್ಮ ಬಯಲು ಬಾಂಬರ್ ನೆಲೆಯಾಗಿರಲಾರದು.

ಮುಕ್ಕಾಲು ಕಿಲೋಮೀಟರ್ ಎಂಬುದು ಸಣ್ಣ ವಿಮಾನದ ಅಳತೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ 33 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಎಂಜಿನ್ನಿಗೂ ರೆಕ್ಕೆಗೂ ತಾವು 5,500 ಅಡಿ ಎತ್ತರದಲ್ಲಿ ಇದ್ದಂತೆ. ಸಮುದ್ರದಂಡೆಯಲ್ಲಿ 250 ಮೀಟರ್ ಓಡಿ ನೆಲ ಬಿಡುವ ಎರಡು ಸೀಟಿನ ವಿಮಾನಕ್ಕೆ ಇಲ್ಲಿ ಸುಮಾರು 400 ಮೀಟರ್ ಬೇಕಾಗುತ್ತದೆ. ಹುಲ್ಲಿನ ತಡೆ, ಮುಂದಿನ ಮರಗಳನ್ನು ದಾಟುವ ಅಂತರ, ಮನಸ್ಸು ಬದಲಾಯಿಸಿ ನಿಲ್ಲಿಸಬೇಕಾಗಿ ಬಂದರೆ ಉಳಿಯಬೇಕಾದ ಜಾಗ, ಇವನ್ನು ಕೂಡಿಸಿದರೆ 700ರಿಂದ 750 ಮೀಟರ್ ಆಗುತ್ತದೆ. ನಿಮ್ಮ ಬಯಲನ್ನು ಯಾರೋ ಬಲ್ಲವರೇ ಅಳೆದು ಆರಿಸಿರಬೇಕೆಂದು ನನಗೆ ಅನ್ನಿಸುವುದು ಇದರಿಂದ.

ಹಾಗೆಂದು ಕಂಪನಿಯ ಯಜಮಾನರ ಕಥೆಯನ್ನು ಕೂಡಲೇ ಒಪ್ಪಬಾರದು. ಎಂಜಿನ್ ಕೆಟ್ಟೋ ಮೋಡ ಕವಿದೋ ಒಂದು ವಿಮಾನ ಒಂದೇ ಸಲ ಇಳಿದುಹೋದ ಹೊಲಕ್ಕೂ ಅದೇ ಹೆಸರು ಅಂಟಿಕೊಳ್ಳುವುದುಂಟು. ಚುನಾವಣೆಯ ಹೆಲಿಕಾಪ್ಟರ್ ಇಳಿದ ಮೈದಾನಕ್ಕೂ ಜನ ಹಾಗೇ ಹೇಳುತ್ತಾರೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಎಂಬ ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನವು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಬಹಳ ಬಳಕೆಯಲ್ಲಿತ್ತು. ಅಂಥ ಹಗುರ ವಿಮಾನಕ್ಕೆ ಗಟ್ಟಿ ಹುಲ್ಲುನೆಲ ಸಾಕು. 1972ರಲ್ಲಿ ಅಲ್ಲಿಂದಲೇ ಹಾರಿದ ಬಸಂತ್ ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆಂದೇ ಆದ ವಿಮಾನ. ಸಿಂಪಡಿಸುವ ವಿಮಾನಗಳು ಕೆಲಸವಿರುವ ಕಡೆಯೇ ತಾತ್ಕಾಲಿಕ ಪಟ್ಟಿ ಮಾಡಿಕೊಂಡು, ಹಂಗಾಮು ಮುಗಿದ ಮೇಲೆ ಬಿಟ್ಟುಹೋಗುತ್ತವೆ. ಒಂದು ಸಲ ಇಳಿದದ್ದು, ಒಂದು ಹಂಗಾಮು ನಡೆದದ್ದು, ಇಪ್ಪತ್ತು ವರ್ಷ ನಡೆದದ್ದು ಎಲ್ಲವೂ ಊರಿನ ನೆನಪಿನಲ್ಲಿ ಒಂದೇ ಹೆಸರಿನಡಿ ಕೂಡಿಹೋಗುತ್ತವೆ. ಇವನ್ನು ಬಿಡಿಸುವ ಕೆಲಸ ಕಾಗದದ್ದು.

ಯಾವ ಕಾಗದ ಎಂದರೆ, ವಿಮಾನ ಇಲಾಖೆಯದಲ್ಲ, ಕಂದಾಯ ಇಲಾಖೆಯದು. ಸಣ್ಣ ಖಾಸಗಿ ಬಯಲಿನಲ್ಲಿ ಗೋಪುರವಿರುವುದಿಲ್ಲ, ಟಿಕೆಟ್ ಇರುವುದಿಲ್ಲ, ದಿನಚರಿ ಬರೆಯುವ ನೌಕರರು ಇರುವುದಿಲ್ಲ. ಆದರೆ ಅದು ಯಾವುದೋ ಸರ್ವೆ ನಂಬರಿನ ಮೇಲೆ ಇದ್ದೇ ಇರುತ್ತದೆ. ಮೊದಲು ಗ್ರಾಮ ನಕ್ಷೆಯ ಮೇಲೆ ಆ ಪಟ್ಟಿ ಯಾವ ಯಾವ ಸರ್ವೆ ನಂಬರುಗಳನ್ನು ಹಾಯುತ್ತದೆಂದು ಗುರುತು ಮಾಡಿಕೊಳ್ಳಿ. ಆಮೇಲೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆ ನಂಬರುಗಳ ಕೈಬರಹದ ಹಳೆಯ ಪಹಣಿಗಳಿಗೆ ಅರ್ಜಿ ಹಾಕಿ. ಕಂಪ್ಯೂಟರಿನ ಪಹಣಿ ನಿಮಗೆ ಸಾಲದು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದದ್ದೇ 2000ದ ಸುಮಾರಿಗೆ.

ಎಲ್ಲರೂ ಪಹಣಿಯ ಒಂಬತ್ತನೇ ಕಾಲಂ ನೋಡುತ್ತಾರೆ, ಮಾಲೀಕರ ಹೆಸರಿಗಾಗಿ. ಈ ಕೆಲಸಕ್ಕೆ ಅದಕ್ಕಿಂತ ಬೆಲೆಯುಳ್ಳದ್ದು ಹನ್ನೆರಡನೆಯದು. ಯಾವ ವರ್ಷ ಯಾರು ಏನು ಬೆಳೆದರೆಂಬುದು ಅಲ್ಲಿರುತ್ತದೆ. ರಾಗಿ, ಹುರುಳಿ, ರಾಗಿ, ಅವರೆ ಎಂದು ನಡೆದುಬಂದ ಬರವಣಿಗೆ ಒಂದು ವರ್ಷ ನಿಂತು, ಒಟ್ಟೊಟ್ಟಿಗಿರುವ ನಾಲ್ಕೈದು ಸರ್ವೆ ನಂಬರುಗಳಲ್ಲಿ ಏಕಕಾಲಕ್ಕೆ ‘ಬೀಳು’ ಎಂದು ಕಂಡುಬಂದರೆ, ನಿಮ್ಮ ಬಯಲು ಶುರುವಾದ ವರ್ಷ ಅದೇ ಎನ್ನಲು ಬಲವಾದ ಕಾರಣ ಸಿಕ್ಕಿತು. ಮತ್ತೆ ರಾಗಿ ಬಂದ ವರ್ಷ ಅದು ಮುಚ್ಚಿದ ವರ್ಷ. ಸಣ್ಣ ಬಯಲುಗಳನ್ನು ಯಾರೂ ಸಭೆ ಕರೆದು ಮುಚ್ಚುವುದಿಲ್ಲ. ಒಂದು ಮುಂಗಾರಿನಲ್ಲಿ ಯಾರೋ ನೇಗಿಲು ಹೂಡುತ್ತಾರೆ, ಅಷ್ಟೆ. ಆ ದಿನವನ್ನು ಗ್ರಾಮ ಲೆಕ್ಕಿಗರ ಲೇಖನಿಯಲ್ಲದೆ ಬೇರೆ ಯಾವುದೂ ದಾಖಲಿಸಿರುವುದಿಲ್ಲ.

ಬಯಲು 1974ರ ಈಚಿನದಾದರೆ ಇನ್ನೊಂದು ದಾರಿಯೂ ಇದೆ. ಆ ವರ್ಷದ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ 79ಬಿ ಕಲಮು ಕಂಪನಿಗಳು ಕೃಷಿ ಜಮೀನನ್ನು ಹೊಂದುವುದನ್ನು ತಡೆಯಿತು. ಆದ್ದರಿಂದ ಕಂಪನಿಯೊಂದು ಬಯಲು ಇಟ್ಟುಕೊಳ್ಳಬೇಕಾದರೆ ಸರ್ಕಾರದಿಂದ ವಿನಾಯಿತಿಯನ್ನೋ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯ ಆದೇಶವನ್ನೋ ಪಡೆಯಬೇಕಾಗಿತ್ತು. ಅಂಥ ಆದೇಶದಲ್ಲಿ ಉದ್ದೇಶವನ್ನು ಹೆಸರಿಸಿರುತ್ತಾರೆ. ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರದಲ್ಲಿ ಗುತ್ತಿಗೆ ಕರಾರುಗಳೂ ಸಿಕ್ಕಬಹುದು.

ನೆಲವನ್ನೂ ಓದಿ. ಹಳೆಯ ಬದುಗಳ ಮೇಲೆ ದಪ್ಪ ಬೊಡ್ಡೆಯ ಹೊಂಗೆ, ಬೇವು, ಹುಣಸೆ ಇರುತ್ತವೆ. ಪಟ್ಟಿಗಾಗಿ ಬದುಗಳನ್ನು ಒಡೆದು ಮತ್ತೆ ಕಟ್ಟಿದ್ದರೆ ಅಷ್ಟು ಭಾಗದಲ್ಲಿ ಬದು ತಗ್ಗಾಗಿರುತ್ತದೆ, ಮರಗಳು ಎಳೆಯವಾಗಿರುತ್ತವೆ ಅಥವಾ ಇರುವುದೇ ಇಲ್ಲ. ರೋಲರ್ ಹಾಯಿಸಿ ಗಟ್ಟಿ ಮಾಡಿದ ಮುರಂ ನೆಲದಲ್ಲಿ ಬೇರು ಆಳಕ್ಕೆ ಇಳಿಯದು. ಆಗಸ್ಟಿನಲ್ಲಿ ಎರಡು ವಾರ ಮಳೆ ಹಿಂದೆಗೆದರೆ ಹೊಲದ ನಡುವೆ ನೇರ ಪಟ್ಟಿಯೊಂದರಲ್ಲಿ ಮಾತ್ರ ರಾಗಿ ಮೊದಲು ಬಾಡುತ್ತದೆ. ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಇದು ಬರಿಗಣ್ಣಿಗೇ ಕಾಣುವಂಥದು.

ನಕ್ಷೆಗಳ ಪೈಕಿ, ಕೋಲಾರ ಸುತ್ತಮುತ್ತಲಿನ ಪ್ರದೇಶ ಭಾರತೀಯ ಸರ್ವೇಕ್ಷಣಾ ಇಲಾಖೆಯ 57ಕೆ ಶ್ರೇಣಿಯ ಹಾಳೆಗಳಲ್ಲಿ ಬರುತ್ತದೆ. ತುಮಕೂರು ಮತ್ತು ಚಿಕ್ಕಬಳ್ಳಾಪುರ ಪಟ್ಟಣಗಳು 57ಜಿಯಲ್ಲಿವೆ. ಅಮೆರಿಕದ ಕರೋನಾ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಲಾಯಿತು, ಈಗ ಯಾರು ಬೇಕಾದರೂ ಹುಡುಕಬಹುದು. ಆ ಕಾಲದಲ್ಲಿ ಸವೆದು ಬೆಳ್ಳಗಾಗಿದ್ದ ಓಡುದಾರಿ ಆ ಕಪ್ಪುಬಿಳುಪು ಚಿತ್ರಗಳಲ್ಲಿ ಸೀಮೆಸುಣ್ಣದ ಗೆರೆಯಂತೆ ಕಾಣುತ್ತದೆ. ಯುದ್ಧಕಾಲದ ಕಥೆಯನ್ನು ಪೂರ್ತಿ ತಳ್ಳಿಹಾಕಬೇಕೆಂದಿದ್ದರೆ, ಬ್ರಿಟಿಷ್ ವಾಯುಪಡೆಯ ನೆಲೆಗಳ ಮತ್ತು ಸ್ಕ್ವಾಡ್ರನ್‌ಗಳ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಪ್ರಶ್ನೆ: ದೊಡ್ಡ ವಿಮಾನ ನಿಲ್ದಾಣಗಳು ಬೆಳೆಯುತ್ತಲೇ ಇವೆ. ಸಣ್ಣ ಖಾಸಗಿ ಬಯಲುಗಳು ಮಾತ್ರ ಏಕೆ ಬಾಳಲಿಲ್ಲ? ಹಣದ ಕೊರತೆಯೇ ಕಾರಣವೇ? (ಓದುಗರು, ತುಮಕೂರು)

ಉತ್ತರ: ಹಣ ಕಾರಣಗಳಲ್ಲಿ ಒಂದು, ಅದೇ ಮೊದಲನೆಯದೆಂದು ನಾನು ನಂಬುವುದಿಲ್ಲ. ಈ ದೇಶದ ನಾಗರಿಕ ವಿಮಾನಯಾನ ಸಣ್ಣ ಬಯಲುಗಳಿಂದಲೇ ಆರಂಭವಾಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಪುಸ್ ಮಾತ್ ವಿಮಾನದಲ್ಲಿ ಅಂಚೆ ತಂದರು, ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಮುಂಬಯಿಯ ಜುಹು ಬಯಲು ಮಳೆಗಾಲದಲ್ಲಿ ನೀರಿನಡಿ ಇರುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಟಾಟಾ ಅವರು ಪುಣೆಯಿಂದ ಹಾರಾಟ ನಡೆಸುತ್ತಿದ್ದರು. ಬೆಂಗಳೂರಿನ ಎಚ್‌ಎಎಲ್ ಬಯಲು ಕೂಡ ಖಾಸಗಿ ಉದ್ಯಮದಿಂದ ಹುಟ್ಟಿದ್ದು: 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುಗಾರಿಕೆಯಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು, 1942ರಲ್ಲಿ ಯುದ್ಧದ ಒತ್ತಡದಿಂದ ಭಾರತ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು.

ಸಣ್ಣ ಬಯಲು ಹುಟ್ಟುವುದು ರಸ್ತೆ ಅಥವಾ ರೈಲು ಇಲ್ಲದ ಕಡೆ. ರಸ್ತೆ ಬಂದ ದಿನ ಅದರ ಅಗತ್ಯ ಕಡಿಮೆಯಾಗುತ್ತದೆ. ಉತ್ತರ ಬಂಗಾಳ ಮತ್ತು ಅಸ್ಸಾಮಿನ ಚಹಾ ತೋಟಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1947ರ ವಿಭಜನೆಯಿಂದ ಆ ಕಡೆಯ ರೈಲುದಾರಿ ಪೂರ್ವ ಪಾಕಿಸ್ತಾನದ ಪಾಲಾದಾಗ, ತೋಟಗಳು ತಮ್ಮ ಬಯಲುಗಳಲ್ಲಿ ಡಕೋಟಾ ವಿಮಾನಗಳನ್ನು ಇಳಿಸಿಕೊಂಡು ಬದುಕಿದವು. 1950ರ ಜನವರಿಯಲ್ಲಿ ಅಸ್ಸಾಮಿನ ಹೊಸ ರೈಲು ಸಂಪರ್ಕ ಸಿದ್ಧವಾಯಿತು, ಕ್ರಮೇಣ ರಸ್ತೆಗಳೂ ಬಂದವು, ಬಯಲುಗಳು ಒಂದೊಂದಾಗಿ ಹುಲ್ಲುಗಾವಲಾದವು. ನಿಮ್ಮ ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಹೆದ್ದಾರಿ ಅಗಲವಾದ ಮೇಲೆ, ಹವಾಮಾನ ಕೇಳಿ, ಅನುಮತಿ ಪಡೆದು, ಎಂಜಿನ್ ಪರೀಕ್ಷಿಸಿ ಹಾರುವವರಿಗಿಂತ ಮೊದಲೇ ಕಾರಿನವರು ಊಟಕ್ಕೆ ಕುಳಿತಿರುತ್ತಾರೆ.

ಇಂಧನದ್ದು ಬೇರೆ ಕಷ್ಟ. ಸಣ್ಣ ಪಿಸ್ಟನ್ ಎಂಜಿನ್ನಿಗೆ ಬೇಕಾದ ಏವಿಯೇಷನ್ ಗ್ಯಾಸೊಲಿನ್ ದೊಡ್ಡ ಜೆಟ್‌ಗಳು ಕುಡಿಯುವ ಸೀಮೆಎಣ್ಣೆಯಂಥ ಇಂಧನವಲ್ಲ. ಇಂಡಿಯನ್ ಆಯಿಲ್ 2022ರಲ್ಲಿ ಅದನ್ನು ಇಲ್ಲೇ ತಯಾರಿಸಲು ತೊಡಗುವವರೆಗೆ ದೇಶವು ಅದನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. ಹಳ್ಳಿಯ ಬಯಲಿಗೆ ಅದು ಪೀಪಾಯಿಗಳಲ್ಲಿ ಲಾರಿಯ ಮೇಲೆ ಬರಬೇಕು.

ಆದರೆ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ಕಾರಣ ಇನ್ನೊಂದಿದೆ, ಮತ್ತು ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಲ್ಲಿ ಅದು ಕಣ್ಣೆದುರಿಗೇ ಇದೆ. ವಿಮಾನ ಬಯಲು ತನ್ನ ನೆಲದ ಮೇಲಷ್ಟೇ ಬಾಳುವುದಿಲ್ಲ. ವಿಮಾನ ಇಳಿಯುವಾಗ ಓಡುದಾರಿಯ ತುದಿಯಿಂದ ಹಿಂದಕ್ಕೆ ಏರುತ್ತ ಹೋಗುವ ಒಂದು ಇಳಿಜಾರಿನ ಆಕಾಶ ಖಾಲಿ ಇರಬೇಕು. ಅತಿ ಚಿಕ್ಕ ದರ್ಜೆಯ ಬಯಲಿಗೆ ಅಂತರರಾಷ್ಟ್ರೀಯ ಮಾನದಂಡವು 20ಕ್ಕೆ 1ರ ಇಳಿಜಾರನ್ನು ಹೇಳುತ್ತದೆ. 15 ಮೀಟರ್ ಎತ್ತರದ ಮರವೊಂದು ಆ ದಾರಿಯಲ್ಲಿದ್ದರೆ ಅದು ತುದಿಯಿಂದ 300 ಮೀಟರಿಗಿಂತ ಆಚೆ ಇರಬೇಕು ಎಂದು ಅದರರ್ಥ. ಅಷ್ಟು ಉದ್ದದ ನೆಲ ಎರಡೂ ತುದಿಗಳಲ್ಲಿ ಬಯಲಿನ ಯಜಮಾನರದೇ ಆಗಿರುವುದು ಅಪರೂಪ. ಒಂದೆರಡು ಎಕರೆಗಳ ಹಿಡುವಳಿಗಳು ಒತ್ತಾಗಿರುವ ನಮ್ಮ ಸೀಮೆಯಲ್ಲಿ ಅದು ಹತ್ತು ಹದಿನೈದು ಮಂದಿಯ ಜಮೀನು. ಮಳೆ ಕೈಕೊಟ್ಟು ಬೇಸತ್ತ ರೈತರಲ್ಲಿ ಒಬ್ಬರು ಅಲ್ಲಿ ನೀಲಗಿರಿ ನೆಟ್ಟರೆ, ಕೆಲವೇ ವರ್ಷಗಳಲ್ಲಿ ಆ ತುದಿಯಿಂದ ಇಳಿಯುವಂತಿಲ್ಲ. ಇನ್ನೊಂದು ತುದಿಯಲ್ಲಿ ಕೊಳವೆಬಾವಿಗೆಂದು ವಿದ್ಯುತ್ ತಂತಿ ಎಳೆದರೆ ಎರಡೂ ಕಡೆ ಮುಗಿಯಿತು. ಓಡುದಾರಿ ಹಾಗೇ ಇರುತ್ತದೆ, ಹುಲ್ಲು ಕತ್ತರಿಸಿಯೇ ಇರುತ್ತದೆ, ಬಳಕೆ ಮಾತ್ರ ನಿಂತಿರುತ್ತದೆ. ಇಲ್ಲಿ ನೀಲಗಿರಿ ನೆಟ್ಟವರದು ತಪ್ಪೆಂದು ನಾನು ಹೇಳಲಾರೆ. ತಮ್ಮ ಹೊಲದಲ್ಲಿ ತಮಗೆ ಬೇಕಾದ ಬೆಳೆ ಇಡುವುದು ಅವರ ಹಕ್ಕು, ಮತ್ತು ಆ ವಿಮಾನದಿಂದ ಅವರಿಗೆ ಬಂದ ಲಾಭವೇನೂ ಇರಲಿಲ್ಲ. ಸರ್ಕಾರಿ ನಿಲ್ದಾಣವಾದರೆ ಕಾನೂನಿನ ಬಲದಿಂದ ಸುತ್ತಲಿನ ಎತ್ತರಗಳನ್ನು ಕಟ್ಟಿಹಾಕುತ್ತದೆ. ಖಾಸಗಿ ಬಯಲಿಗಿರುವ ಬಲ ನೆರೆಹೊರೆಯ ಸ್ನೇಹವೊಂದೇ. ಯಜಮಾನರು ತೀರಿಕೊಂಡು ಮಕ್ಕಳು ಬೆಂಗಳೂರು ಸೇರಿದ ಮೇಲೆ ಆ ಸ್ನೇಹವೂ ಮುಂದಿನ ತಲೆಮಾರಿಗೆ ದಾಟುವುದಿಲ್ಲ.

ಬಾಳಿದ ಖಾಸಗಿ ಬಯಲುಗಳು ಇಲ್ಲವೆಂದಲ್ಲ. ಬಳ್ಳಾರಿ ಸೀಮೆಯ ತೋರಣಗಲ್ಲಿನದು ಉಕ್ಕಿನ ಕಾರ್ಖಾನೆಯ ಆಸರೆಯಲ್ಲಿ ಉಳಿದು, 2017ರಲ್ಲಿ, ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ, ಸಾರ್ವಜನಿಕ ಹಾರಾಟಕ್ಕೂ ತೆರೆದುಕೊಂಡಿತು. ದೊಡ್ಡ ಕಾರ್ಖಾನೆ ಬೆನ್ನಿಗಿದ್ದರೆ ಬಯಲಿನ ಕಥೆ ಬೇರೆಯಾಗುತ್ತದೆ.

ಪ್ರಶ್ನೆ: ಮುಚ್ಚಿದ ಬಯಲಿನಲ್ಲಿ ತುರ್ತಿಗೆ ವಿಮಾನ ಇಳಿಸಬಹುದೇ? ಅದನ್ನು ಮತ್ತೆ ತೆರೆಯಲು ದೇವನಹಳ್ಳಿ ನಿಲ್ದಾಣದ 150 ಕಿಲೋಮೀಟರಿನ ನಿಯಮ ಅಡ್ಡಬರುತ್ತದೆಯೇ? (ವಿದ್ಯಾರ್ಥಿ, ಚಿಂತಾಮಣಿ)

ಉತ್ತರ: ಪ್ರಾಣಾಪಾಯದ ಹೊತ್ತಿನಲ್ಲಿ ಚಾಲಕರು ಎಲ್ಲಿ ಬೇಕಾದರೂ ಇಳಿಸುತ್ತಾರೆ, ಅದಕ್ಕೆ ಬಯಲೇ ಬೇಕೆಂದಿಲ್ಲ. ಆದರೆ ಹಳೆಯ ನಕ್ಷೆಯಲ್ಲಿ ಓಡುದಾರಿ ಇದೆಯೆಂದು ನಂಬಿ ಹೋಗುವುದು ಅಪಾಯ. ಕಾಂಕ್ರೀಟ್ ಅಥವಾ ಡಾಂಬರಿನ ಓಡುದಾರಿಯನ್ನು ಮುಚ್ಚಿದಾಗ ಅದರ ಮೇಲೆ ಗುಣಾಕಾರದ ಚಿಹ್ನೆಯಂಥ ದೊಡ್ಡ ಬಿಳಿ ಗುರುತು ಬರೆಯುವ ಪದ್ಧತಿ ಇರುವುದು ಇದಕ್ಕಾಗಿಯೇ; ಮಣ್ಣಿನ ಬಯಲಿನಲ್ಲಿ ಆ ಎಚ್ಚರಿಕೆಯೂ ಸಿಗದು.

150 ಕಿಲೋಮೀಟರಿನ ಮಾತು ಬಂದದ್ದು ದೇವನಹಳ್ಳಿಯ ಬೆಂಗಳೂರು ನಿಲ್ದಾಣವನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟ ಒಪ್ಪಂದದಿಂದ. ಮೈಸೂರು ಮತ್ತು ಹಾಸನವನ್ನು ಬಿಟ್ಟು, ಆ ವ್ಯಾಪ್ತಿಯಲ್ಲಿ ಬೇರೆ ಬಯಲನ್ನು ಅಂತರರಾಷ್ಟ್ರೀಯ ಅಥವಾ ದೇಶೀಯ ವಿಮಾನ ನಿಲ್ದಾಣವಾಗಿ ಬೆಳೆಸಬಾರದೆಂದು ಅದು ಹೇಳುತ್ತದೆ. 2008ರ ಮೇ ತಿಂಗಳಿಂದ 25 ವರ್ಷ, ಎಂದರೆ 2033ರವರೆಗೆ. ಚಿಂತಾಮಣಿ ಆ ವ್ಯಾಪ್ತಿಯ ಒಳಗೇ ಇದೆ. ಆದರೆ ಟಿಕೆಟ್ ಮಾರದ, ಸ್ವಂತ ಬಳಕೆಯ ಸಣ್ಣ ಬಯಲು ಆ ಅರ್ಥದ ನಿಲ್ದಾಣವಲ್ಲ. ಅದಕ್ಕೆ ಬೇಕಾದದ್ದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ. 1937ರ ವಿಮಾನ ನಿಯಮಗಳಡಿ ಬಯಲುಗಳ ಪರವಾನಗಿ ಸಾರ್ವಜನಿಕ ಬಳಕೆ ಮತ್ತು ಖಾಸಗಿ ಬಳಕೆ ಎಂದು ಎರಡು ಬಗೆಯದು, ಅದೂ ನಿಗದಿತ ಅವಧಿಗೆ ಮಾತ್ರ. ನಮ್ಮ ಸೀಮೆಯಲ್ಲಂತೂ ಯಲಹಂಕದ ವಾಯುಪಡೆ, ಎಚ್‌ಎಎಲ್, ದೇವನಹಳ್ಳಿ ಮೂರರ ಆಕಾಶ ಹತ್ತಿರ ಹತ್ತಿರವೇ ಇರುವುದರಿಂದ ನೆಲ ಹೊಂದಿಸುವುದಕ್ಕಿಂತ ಆಕಾಶ ಹೊಂದಿಸುವುದು ಕಷ್ಟ.

ಪ್ರಶ್ನೆ: ನಮ್ಮ ಮಾವನವರು ಯೌವನದಲ್ಲಿ ಒಂದು ಖಾಸಗಿ ವಿಮಾನ ಬಯಲಿನ ಕಾವಲುಗಾರರಾಗಿದ್ದರು. ಈಗ 80 ದಾಟಿದೆ, ನೆನಪು ಚೆನ್ನಾಗಿದೆ. ಮನೆಯಲ್ಲಿ ಅದರ ಒಂದು ಫೋಟೋ ಕೂಡ ಇಲ್ಲ. ಅವರನ್ನು ಏನೆಂದು ಕೇಳಿ ಬರೆದಿಡಲಿ? (ಓದುಗರು, ಮಾಲೂರು)

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಾಲಕರ ಹಾರಾಟದ ಪುಸ್ತಕದಲ್ಲಿ ದಿನಾಂಕ, ವಿಮಾನದ ವಿಟಿ ಎಂದು ಆರಂಭವಾಗುವ ನೋಂದಣಿ ಗುರುತು, ಹೊರಟ ಜಾಗ, ಇಳಿದ ಜಾಗ ಇರುತ್ತವೆ. ಬಯಲು ಹೇಗಿತ್ತೆಂಬುದು ಇರುವುದಿಲ್ಲ. ಅದನ್ನು ಬಲ್ಲವರು ನಿಮ್ಮ ಮಾವನವರಂಥವರೇ, ಮತ್ತು ಅವರನ್ನು ಯಾರೂ ಕೇಳಿಲ್ಲ.

ಇಸವಿಯಿಂದ ಶುರು ಮಾಡಬೇಡಿ. ಇಸವಿ ಕೇಳಿದರೆ ಹಿರಿಯರು ತಡವರಿಸುತ್ತಾರೆ, ಆ ತಡವರಿಕೆಯಲ್ಲಿ ಉಳಿದದ್ದೂ ಹಿಂದೆ ಸರಿಯುತ್ತದೆ. ಬದಲಿಗೆ ಕೆಲಸವನ್ನು ಕೇಳಿ. ವಿಮಾನ ಬರುತ್ತದೆಂದು ಅವರಿಗೆ ಮೊದಲು ತಿಳಿಯುತ್ತಿದ್ದುದು ಹೇಗೆ, ಯಾರಾದರೂ ಬಂದು ಹೇಳುತ್ತಿದ್ದರೋ ಸದ್ದು ಕೇಳಿಯೇ ತಿಳಿಯುತ್ತಿತ್ತೋ? ದನಗಳನ್ನು ಓಡಿಸಲು ಎಷ್ಟು ಹೊತ್ತು ಸಿಗುತ್ತಿತ್ತು? ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲವನ್ನು ಯಾವ ಕಂಬಕ್ಕೆ ಕಟ್ಟುತ್ತಿದ್ದರು, ಹರಿದಾಗ ಯಾರು ಹೊಲಿಯುತ್ತಿದ್ದರು? ಮುಂಗಾರಿನ ತಿಂಗಳುಗಳಲ್ಲಿ ವಿಮಾನ ಯಾವ ಕಡೆಯಿಂದ ಇಳಿಯುತ್ತಿತ್ತು, ಸಂಕ್ರಾಂತಿಯ ಹೊತ್ತಿಗೆ ಯಾವ ಕಡೆಯಿಂದ? ಈ ಕೊನೆಯ ಪ್ರಶ್ನೆ ಬಹಳ ಬೆಲೆಯುಳ್ಳದ್ದು. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ, ಚಳಿಗಾಲದ್ದು ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಎಚ್‌ಎಎಲ್, ಯಲಹಂಕ, ದೇವನಹಳ್ಳಿ ಮೂರರ ಓಡುದಾರಿಗಳೂ ಪೂರ್ವಪಶ್ಚಿಮವಾಗಿರುವುದು ಈ ಕಾರಣಕ್ಕೇ. ಮಾವನವರ ಉತ್ತರ ಇದಕ್ಕೆ ಹೊಂದಿದರೆ ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ ಎನ್ನಲು ಅದು ಸಾಕ್ಷಿಯಾಗುತ್ತದೆ, ಓಡುದಾರಿಯ ದಿಕ್ಕೂ ನಿಮಗೆ ಸಿಕ್ಕುತ್ತದೆ.

ಇಸವಿಗಳನ್ನು ಆಮೇಲೆ ಮನೆಯ ಘಟನೆಗಳಿಗೆ ಗಂಟು ಹಾಕಿ ಹಿಡಿಯಿರಿ. ಮೊದಲ ಸಂಬಳ ತಂದಾಗ ನಿಮ್ಮ ಯಜಮಾನರು ಹುಟ್ಟಿದ್ದರೋ ಇಲ್ಲವೋ, ಕೆಲಸ ಬಿಟ್ಟ ವರ್ಷ ಕೆರೆ ಕೋಡಿ ಹರಿದಿತ್ತೋ ಒಣಗಿತ್ತೋ ಎಂದು ಕೇಳಿದರೆ ಒಂದೆರಡು ವರ್ಷಗಳ ಅಂತರದೊಳಗೆ ಉತ್ತರ ನಿಲ್ಲುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಪಹಣಿಯ ಹನ್ನೆರಡನೇ ಕಾಲಂ ಮಿಕ್ಕದ್ದನ್ನು ಸರಿಪಡಿಸುತ್ತದೆ.

ಅವರ ಮಾತನ್ನು ಅವರ ಧ್ವನಿಯಲ್ಲೇ ಮೊಬೈಲಿನಲ್ಲಿ ಹಿಡಿದಿಡಿ. ತೆಲುಗು ಬೆರೆತರೆ ಬೆರೆತಂತೆಯೇ ಇರಲಿ, ತಿದ್ದಬೇಡಿ. ನಡೆಯುವ ಶಕ್ತಿ ಅವರಿಗಿದ್ದರೆ ರಾಗಿ ಕೊಯ್ಲು ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಅವರು ನಿಂತು ‘ಇಲ್ಲಿಂದ’ ಎಂದ ಜಾಗಕ್ಕೆ ಹತ್ತಿರದ ಸರ್ವೆ ಕಲ್ಲಿನಿಂದ ಟೇಪು ಹಿಡಿದು ಅಳತೆ ಬರೆದುಕೊಳ್ಳಿ, ‘ಇಲ್ಲಿಯವರೆಗೆ’ ಎಂದ ಜಾಗಕ್ಕೂ ಹಾಗೆಯೇ ಮಾಡಿ. ಬರೆದದ್ದರ ಒಂದು ಪ್ರತಿಯನ್ನು ನಮಗೆ ಕಳಿಸಿದರೆ ಈ ಪುಟಗಳಲ್ಲಿ ಪೂರ್ತಿಯಾಗಿ ಅಚ್ಚು ಮಾಡುತ್ತೇವೆ.